ಸೂಜಿ ಅಕ್ಕನಿಗೆ ನಾಯಿ ಕಚ್ಚಿದ ಕತೆ

ಸೂಜಿ ಅಕ್ಕ ಮನುಷ್ಯರೊಬ್ಬರ ರಕ್ತವನ್ನು ಕಿಟಕಿಯ ಸರಳುಗಳ ಸಂದಿಯಿಂದ ತೆಗೆದಳು ಎಂಬ ಸುದ್ದಿ ಅವಳ ಸ್ಕೂಟರಿಗಿಂತ ಮೊದಲೇ ಲ್ಯಾಬ್ ಮುಟ್ಟಿತ್ತು.

“ಏನಮ್ಮಾ ಇದು?” ಲ್ಯಾಬಿನ ಡಾಕ್ಟರು ಕನ್ನಡಕವನ್ನು ಹಣೆಗೇರಿಸಿ ಕೇಳಿದರು. “ಆ ಮನುಷ್ಯ ಫೋನ್ ಮಾಡಿದ್ರು. ಜೈಲಿನಲ್ಲಿರೋರ ಹಾಗೆ ಕೈ ಹೊರಗೆ ಚಾಚಿಕೊಂಡು ನಿಂತಿದ್ರಂತೆ. ನೀನು ಹೂವಿನ ಕುಂಡದ ಮೇಲೆ ಹತ್ತಿ ನಿಂತು ಚುಚ್ಚಿದೆಯಂತೆ.”

“ಹಾಲ್‌ನಲ್ಲಿ ನಾಯಿ ಇತ್ತು ಸರ್.”

“ಕಟ್ಟಿತ್ತಂತಲ್ಲ?”

“ಕಟ್ಟಿತ್ತು. ಆದ್ರೆ ಆ ಸರಪಳಿ ನೋಡಿದ್ರೆ ನಾಯಿಯ ಅಜ್ಜನ ಕಾಲದ್ದು.”

ಡಾಕ್ಟರು ನಿಟ್ಟುಸಿರುಬಿಟ್ಟರು. “ಬಯ್ಯೋಣ ಅಂದ್ರೆ, ಚುಚ್ಚಿದ್ದೇ ಗೊತ್ತಾಗಲಿಲ್ಲ ಅಂತ ಹೊಗಳಿದ್ದಾರೆ ಬೇರೆ. ಹೋಗು, ಟ್ಯೂಬ್ ಇಟ್ಟು ಕಾಫಿ ಕುಡಿ.”

ಅವಳನ್ನು ಬಯ್ಯುವುದು ಯಾರಿಗಾದರೂ ಕಷ್ಟವೇ. ಇಪ್ಪತ್ತೇಳು ವರ್ಷಗಳಿಂದ ಮನೆಮನೆಗೆ ಹೋಗಿ ರಕ್ತ ತೆಗೆಯುವುದು ಅವಳ ಕೆಲಸ. ಈಗ ಐವತ್ಮೂರು. ಕುಳ್ಳಗಿನ ಮೈಕಟ್ಟು, ಬೆನ್ನಿಗೊಂದು ಚೀಲ, ಸ್ಕೂಟರಿನ ಮುಂದೆ ಒಂದು ನೀಲಿ ಡಬ್ಬಿ. ಬೇರೆಯವರು ನಾಲ್ಕು ಸಲ ಚುಚ್ಚಿ ಕೈಚೆಲ್ಲಿದ ತೋಳಿನಲ್ಲಿ ಅವಳು ಎರಡು ಬೆರಳಿಟ್ಟು, ಎಲ್ಲೋ ನೋಡುತ್ತಾ, “ನಿಮ್ಮ ಮೊಮ್ಮಗಳಿಗೆ ಈಗ ಎಷ್ಟನೇ ಕ್ಲಾಸು?” ಎಂದು ಕೇಳುವಳು. ಅಜ್ಜಿ ಉತ್ತರ ಹೇಳುವಷ್ಟರಲ್ಲಿ ಟ್ಯೂಬು ತುಂಬಿರುತ್ತಿತ್ತು. ಹೀಗಾಗಿಯೇ ಊರು ಅವಳ ಹೆಸರು ಮರೆತು ಸೂಜಿ ಅಕ್ಕ ಎಂದು ಕರೆಯತೊಡಗಿತ್ತು.

ಇಂಥವಳಿಗೆ ನಾಯಿ ಎಂದರೆ ಜೀವ ಬಾಯಿಗೆ ಬರುತ್ತಿತ್ತು. ಹಲ್ಲಿ ಕಂಡರೂ ಅಷ್ಟಕ್ಕಷ್ಟೆ, ಬೆಕ್ಕು ಕಂಡರೆ ಒಂದು ಹೆಜ್ಜೆ ಹಿಂದೆ. ಆದರೆ ಅವೆಲ್ಲ ಚಿಲ್ಲರೆ ಭಯಗಳು. ನಾಯಿಯ ವಿಷಯ ಬೇರೆ. ಅಲ್ಲಿ ದೊಡ್ಡದು ಸಣ್ಣದು ಎಂಬ ಭೇದವಿರಲಿಲ್ಲ; ಅಂಗೈಯಗಲದ ಮರಿಯೊಂದು ಬಾಲ ಅಲ್ಲಾಡಿಸಿಕೊಂಡು ಬಂದರೂ ಅವಳು ಕಾಲಿಗೆ ಬುದ್ಧಿ ಹೇಳಿಬಿಡುತ್ತಿದ್ದಳು. ಊರಿನ ಬೀದಿಗಳೆಲ್ಲ ಅವಳ ತಲೆಯಲ್ಲಿ ನಾಯಿಗಳ ಲೆಕ್ಕದಲ್ಲೇ ಅಚ್ಚಾಗಿದ್ದವು. ಬ್ಯಾಂಕಿನ ಹಿಂದಿನ ರಸ್ತೆ ಎಂದರೆ ಮೂರು ಕಂದು ಒಂದು ಬಿಳಿ, ಬೆಳಿಗ್ಗೆ ಏಳರ ನಂತರ ಮಲಗಿರುತ್ತವೆ. ಬೇಕರಿಯ ತಿರುವು ಎಂದರೆ ಎದ್ದೇ ಇರುತ್ತವೆ, ಸುತ್ತಿಕೊಂಡು ಹೋಗಬೇಕು. ಹೊಸ ಮನೆಯವರಿಗೆ ಫೋನ್ ಮಾಡಿದರೆ “ಬರೀ ಹೊಟ್ಟೇಲಿದ್ದೀರಾ?” ಎಂದು ಕೇಳುವ ಮೊದಲು “ನಾಯಿ ಇದ್ಯಾ?” ಎಂದೇ ಕೇಳುತ್ತಿದ್ದಳು.

ಇದೆ ಎಂದವರೆಲ್ಲ ತಪ್ಪದೆ ಒಂದು ಮಾತು ಸೇರಿಸುತ್ತಿದ್ದರು: “ಅದು ಏನೂ ಮಾಡಲ್ಲ, ಬನ್ನಿ.”

ಈ ಮಾತು ಕೇಳಿದರೆ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. “ಏನೂ ಮಾಡಲ್ಲ ಅಂತ ನಾಯಿ ಬರೆದುಕೊಟ್ಟಿದ್ಯಾ?” ಎಂದು ಮನೆಗೆ ಬಂದು ಗಂಡನ ಮುಂದೆ ಕೂಗಾಡುತ್ತಿದ್ದಳು. ಗಂಡ ಗಡಿಯಾರ ರಿಪೇರಿಯವನು, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ತಲೆಯೆತ್ತದೆ ಹೇಳುತ್ತಿದ್ದ: “ನೀನೂ ದಿನಾ ನಲವತ್ತು ಜನಕ್ಕೆ ‘ಏನೂ ಆಗಲ್ಲ, ಇರುವೆ ಕಚ್ಚಿದ ಹಾಗೆ’ ಅಂತೀಯಲ್ಲ, ಅವರೇನು ನಿನ್ನ ಹತ್ತಿರ ಬರೆಸಿಕೊಂಡಿದ್ದಾರಾ?”

“ನನಗೆ ಕಚ್ಚಿದೆ ಕಣ್ರೀ, ಕಚ್ಚಿದೆ!” ಎಂದು ಅವಳು ಎಡಗಾಲಿನ ಮೀನಖಂಡದ ಮೇಲಿನ ಕಲೆ ತೋರಿಸುತ್ತಿದ್ದಳು. ಆರು ವರ್ಷದವಳಿದ್ದಾಗ ಬೀದಿನಾಯಿ ಕಚ್ಚಿದ ಕಲೆ. ಅಲ್ಲಿಗೆ ವಾದ ಮುಗಿಯುತ್ತಿತ್ತು. ಕಲೆ ಇರುವವರ ಮುಂದೆ ಯಾರು ವಾದ ಮಾಡುತ್ತಾರೆ?

ವಾದ ಮಾಡಿದವರು ಒಬ್ಬರು ಸಿಕ್ಕರು. ಅವರು ಹೈಸ್ಕೂಲಿನ ನಿವೃತ್ತ ಹೆಡ್‌ಮೇಡಂ.

ಹೆಡ್‌ಮೇಡಮ್ಮಿಗೆ ಎಪ್ಪತ್ತೆಂಟು ವರ್ಷ. ಹೃದಯದ ಆಪರೇಷನ್ ಆಗಿತ್ತು. ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದರು. ಪ್ರತಿ ಗುರುವಾರ ರಕ್ತ ಪರೀಕ್ಷೆ ಆಗಲೇಬೇಕು. ಲ್ಯಾಬಿನಿಂದ ಮೊದಲು ಹೋದ ಹುಡುಗಿ ಅವರ ಕೈಯನ್ನು ಜರಡಿ ಮಾಡಿ, ತಾನೇ ಅತ್ತುಕೊಂಡು ವಾಪಸ್ ಬಂದಿದ್ದಳು. “ನೀನೇ ಹೋಗಬೇಕು, ಬೇರೆ ದಾರಿ ಇಲ್ಲ,” ಎಂದರು ಡಾಕ್ಟರು. ನಾಯಿ ಇದೆ ಎಂಬ ವಿಷಯವನ್ನು ಅವರು ಕೊನೆಗೆ, ಫೈಲು ಹುಡುಕುವ ನೆಪದಲ್ಲಿ ಕಪಾಟಿನ ಒಳಗೆ ತಲೆಯಿಟ್ಟುಕೊಂಡು ಹೇಳಿದರು.

ಗುರುವಾರ ಬೆಳಿಗ್ಗೆ ಸೂಜಿ ಅಕ್ಕ ಗೇಟಿನ ಹೊರಗೆ ನಿಂತು ಕೆಮ್ಮಿದಳು. ಮುಂದಿನ ಕೋಣೆಯಲ್ಲೇ ಮಂಚ. ಕಿಟಕಿಯಿಂದ ತರಗತಿಯ ಕೊನೆಯ ಬೆಂಚಿಗೂ ಮುಟ್ಟುವಂಥ ಧ್ವನಿ ಬಂತು.

“ಯಾರದು? ಲೇಟಾಗಿ ಬಂದವರು ಹೊರಗೇ ನಿಲ್ಲೋ ಕಾಲ ಮುಗೀತು. ಒಳಗೆ ಬಾ.”

“ಮೇಡಂ, ನಾಯಿ...”

“ಇದೆ.”

“ಸ್ವಲ್ಪ ಕಟ್ಟಿ ಹಾಕ್ತೀರಾ?”

“ಹದಿಮೂರು ವರ್ಷದಿಂದ ಕಟ್ಟಿಲ್ಲ. ಈಗ ಕಟ್ಟಿದ್ರೆ ಅವಮಾನ ಆಗತ್ತೆ.”

“ಯಾರಿಗೆ ಮೇಡಂ?”

“ಮಾನಿಟರ್‌ಗೆ.”

ಮಾನಿಟರ್ ಎಂದರೆ ನಾಯಿ. ಕಪ್ಪು ಬಣ್ಣ, ಮೂತಿಯ ಸುತ್ತ ಬೆಳ್ಳಗಾದ ಕೂದಲು, ಕರುವಿನಷ್ಟು ಎತ್ತರ. ಮಂಚದ ಪಕ್ಕ ಹಾಸಿದ ಗೋಣಿಯ ಮೇಲೆ ಮುಂಗಾಲು ಚಾಚಿ, ಇಡೀ ಮನೆಯ ಹಾಜರಿ ತೆಗೆದುಕೊಳ್ಳುವಂತೆ ಮಲಗಿರುತ್ತಿತ್ತು. ಕೊನೆಗೆ ರಾಜಿಯಾಯಿತು. ಹೆಡ್‌ಮೇಡಂ ತಾವೇ ಎದ್ದು ಮಾನಿಟರನ್ನು ಅಡುಗೆಮನೆಗೆ ಕಳಿಸಿ, ಬಾಗಿಲು ಹಾಕಿ, ಬಾಗಿಲಿಗೆ ಒಂದು ಕುರ್ಚಿ ಒರಗಿಸಿದ ಮೇಲೆ ಸೂಜಿ ಅಕ್ಕ ಒಳಗೆ ಬಂದಳು. ಒಳಗಿನಿಂದ ಅದು ಉದ್ದಕ್ಕೆ ಉಸಿರೆಳೆದು ಬಿಡುವ ಸದ್ದು ಕೇಳುತ್ತಿತ್ತು.

ಅವಳು ಹೆಡ್‌ಮೇಡಮ್ಮಿನ ತೋಳಿಗೆ ರಬ್ಬರ್ ಪಟ್ಟಿ ಬಿಗಿದು, ಬೆರಳಿಟ್ಟು ಹುಡುಕಿ, ಒಂದೇ ಸಲಕ್ಕೆ ನರ ಹಿಡಿದಳು. ಹೆಡ್‌ಮೇಡಂ ಸೂಜಿಯನ್ನು ನೋಡದೆ ಅವಳ ಮಂಡಿಗಳನ್ನು ನೋಡುತ್ತಿದ್ದರು.

“ನಿನ್ನ ಕೈ ಒಬ್ಬರದು, ಕಾಲು ಇನ್ನೊಬ್ಬರದು ಇದ್ದ ಹಾಗಿದೆ,” ಎಂದರು. “ಕೈ ಕಲ್ಲಿನ ಹಾಗಿದೆ. ಕಾಲು ನೋಡು, ಮೂರನೇ ಕ್ಲಾಸಿನ ಮಗು ಭಾಷಣಕ್ಕೆ ನಿಂತ ಹಾಗೆ. ಯಾಕೆ ಇಷ್ಟು ಭಯ?”

ಸೂಜಿ ಅಕ್ಕ ತನ್ನ ಕತೆ ಹೇಳಿದಳು. ಕಲೆ ತೋರಿಸಿದಳು. ಎಲ್ಲರೂ ಇಲ್ಲಿಗೆ “ಅಯ್ಯೋ ಪಾಪ” ಎನ್ನುತ್ತಿದ್ದರು. ಹೆಡ್‌ಮೇಡಂ ಹಾಗನ್ನಲಿಲ್ಲ. ದಿಂಬಿನ ಪಕ್ಕದಿಂದ ಕನ್ನಡಕ ತೆಗೆದು ಹಾಕಿಕೊಂಡು, ಉತ್ತರಪತ್ರಿಕೆ ತಿದ್ದುವಂತೆ ಆ ಕಲೆಯ ಮೇಲೆ ಬಾಗಿದರು.

“ಇದು ಗೆರೆ. ನೇರ ಗೆರೆ. ಅಡಿಕೋಲಿಟ್ಟು ಎಳೆದ ಹಾಗಿದೆ. ಆ ನಾಯಿಗೆ ಒಂದೇ ಹಲ್ಲಿತ್ತಾ?”

“ಮೇಡಂ?”

“ನಾಯಿ ಕಚ್ಚಿದ್ರೆ ಚುಕ್ಕಿ ಚುಕ್ಕಿ ಇರತ್ತೆ ಕಣಮ್ಮ. ಕಚ್ಚಿದ್ದನ್ನ ನೋಡಿದವರು ಯಾರು?”

“ನಮ್ಮಣ್ಣ.”

“ನೀನು?”

“ನಾನು ಚಿಕ್ಕೋಳು...”

“ಚಿಕ್ಕವಳಾದ್ರೆ ಕಣ್ಣು ಇರಲ್ವಾ? ನಿನಗೆ ನೆನಪಿರೋದು ಏನು, ಅದನ್ನ ಹೇಳು. ಬೇರೆಯವರು ಹೇಳಿಕೊಟ್ಟಿದ್ದು ಬೇಡ.”

ಸೂಜಿ ಅಕ್ಕ ಟ್ಯೂಬನ್ನು ಮೆಲ್ಲಗೆ ಅಲುಗಿಸುತ್ತಾ ನಿಂತಳು. ಯೋಚಿಸಿದಷ್ಟೂ ಅವಳಿಗೆ ಆಸ್ಪತ್ರೆಯೇ ನೆನಪಾಯಿತು. ಆಗ ನಾಯಿ ಕಚ್ಚಿದರೆ ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್. ದಿನಕ್ಕೊಂದರಂತೆ ಹದಿನಾಲ್ಕು ಬೆಳಿಗ್ಗೆ. ತಟ್ಟೆಯಲ್ಲಿ ಕುದಿಯುವ ನೀರು, ಅದರೊಳಗೆ ಗಾಜಿನ ಸಿರಿಂಜು ಟಿಣ್ ಟಿಣ್ ಎನ್ನುವುದು. ಸ್ಪಿರಿಟಿನ ವಾಸನೆ. ಮೇಲೆ ಒಂದು ರೆಕ್ಕೆ ಸೊಟ್ಟಗಿದ್ದ ಫ್ಯಾನು. ಕೈಹಿಡಿದು “ಇವತ್ತಿಗೆ ಏಳು, ಇನ್ನು ಏಳೇ” ಎಂದು ಎಣಿಸುತ್ತಿದ್ದ ದಪ್ಪ ನರ್ಸಮ್ಮ. ಕೊನೆಯ ದಿನ ಆಕೆ ಸೂಜಿಯಿಲ್ಲದ ಒಂದು ಹಳೇ ಸಿರಿಂಜನ್ನು ಆಟಕ್ಕೆ ಕೊಟ್ಟಿದ್ದು. ಅದರಲ್ಲಿ ನೀರು ತುಂಬಿ ವರ್ಷಪೂರ್ತಿ ಮನೆಯ ದಿಂಬುಗಳಿಗೆಲ್ಲ ಇಂಜೆಕ್ಷನ್ ಕೊಟ್ಟಿದ್ದು. ಅಲ್ಲಿಂದಲೇ ಅಲ್ಲವೇ ಈ ಕೆಲಸದ ಹುಚ್ಚು ಹತ್ತಿದ್ದು.

ಅದೆಲ್ಲ ಇತ್ತು. ನಾಯಿ ಮಾತ್ರ ಎಲ್ಲೂ ಇರಲಿಲ್ಲ. ಬಣ್ಣ ಯಾವುದು? ಕಪ್ಪೋ, ಕಂದೋ? ತಿಳಿಯದು.

“ನಾಯಿ ನೆನಪಾಗ್ತಿಲ್ಲ ಮೇಡಂ,” ಎಂದಳು ಸಣ್ಣ ಧ್ವನಿಯಲ್ಲಿ.

“ಹೂಂ. ನಿಮ್ಮಣ್ಣ ಇದ್ದಾನಾ?”

“ಇದ್ದಾನೆ.”

“ಕರೆದು ಕೇಳು. ಸಾಕ್ಷಿಯನ್ನ ವಿಚಾರಿಸದೆ ಅಪರಾಧಿಗೆ ಶಿಕ್ಷೆ ಕೊಟ್ಟಿದ್ದೀಯಲ್ಲ, ಅದೂ ಇಡೀ ಜಾತಿಗೆ.”

ಅಣ್ಣ ಅವಳಿಗಿಂತ ಏಳು ವರ್ಷ ದೊಡ್ಡವನು. ಅಗ್ನಿಶಾಮಕ ದಳದಲ್ಲಿ ಇದ್ದು ಈಚೆಗೆ ನಿವೃತ್ತನಾಗಿದ್ದ. ಆರಡಿ ಆಳು, ಬಾಗಿಲಲ್ಲಿ ನಿಂತರೆ ಬೆಳಕು ಬರುತ್ತಿರಲಿಲ್ಲ. ಉರಿಯುವ ಕಟ್ಟಡದ ಮೂರನೇ ಮಹಡಿಯಿಂದ ಹೆಂಗಸು ಮಕ್ಕಳನ್ನು ಹೆಗಲ ಮೇಲೆ ಹೊತ್ತು ತಂದವನು. ಆದರೆ ಸೂಜಿ ಎಂಬ ಶಬ್ದ ಕಿವಿಗೆ ಬಿದ್ದರೆ ಸಾಕು, ಬೆವರಿಬಿಡುತ್ತಿದ್ದ. ತಂಗಿಯೇ ಊರಿಗೆಲ್ಲ ಸೂಜಿ ಅಕ್ಕನಾಗಿದ್ದರೂ ಆತನ ಸಕ್ಕರೆ ಕಾಯಿಲೆ ಇದೆಯೋ ಇಲ್ಲವೋ ಎಂಬುದು ದೇವರಿಗೇ ಗೊತ್ತಿತ್ತು. ವರ್ಷಕ್ಕೊಂದು ನೆಪ. ಅತ್ತಿಗೆ ರೋಸಿಹೋಗಿದ್ದಳು.

“ಈ ಭಾನುವಾರ ಬಂದುಬಿಡು,” ಎಂದು ಅತ್ತಿಗೆಯೇ ಫೋನಿನಲ್ಲಿ ಪಿಸುಗುಟ್ಟಿದಳು. “ಅವರಿಗೆ ಹೇಳಿಲ್ಲ. ಬೆಳಿಗ್ಗೆಯಿಂದ ತಿಂಡಿ ಕೊಡದೆ ಏನೇನೋ ಹೇಳಿ ತಡೆದಿರ್ತೀನಿ.”

ಭಾನುವಾರ ನೀಲಿ ಡಬ್ಬಿ ಕಂಡದ್ದೇ ತಡ ಅಣ್ಣ ಬಚ್ಚಲಮನೆ ಸೇರಿ ಚಿಲಕ ಹಾಕಿಕೊಂಡ. ಅತ್ತಿಗೆ ಹೊರಗಿನಿಂದ ನೀರಿನ ಗೇಟ್‌ವಾಲ್ ತಿರುಗಿಸಿ ನೀರು ನಿಲ್ಲಿಸಿದಳು. ಮುಖಕ್ಕೆ ಸೋಪು ಹಚ್ಚಿಕೊಂಡಿದ್ದ ಅಗ್ನಿಶಾಮಕ ದಳದ ಯೋಧ, ಹತ್ತು ನಿಮಿಷಕ್ಕೆ ಕಣ್ಣುಜ್ಜಿಕೊಳ್ಳುತ್ತಾ ಶರಣಾಗಿ ಹೊರಗೆ ಬಂದ.

ಕುರ್ಚಿಯಲ್ಲಿ ಕೂರಿಸಿ, ತೋಳಿಗೆ ರಬ್ಬರ್ ಪಟ್ಟಿ ಕಟ್ಟಿದ ಮೇಲೆ ಸೂಜಿ ಅಕ್ಕ ನಿಧಾನಕ್ಕೆ ಸ್ಪಿರಿಟ್ ಹತ್ತಿ ಒರೆಸುತ್ತಾ ಕೇಳಿದಳು: “ಅಣ್ಣ, ನನಗೆ ಕಚ್ಚಿದ ನಾಯಿ ಯಾವ ಬಣ್ಣದ್ದು?”

ಆ ಕ್ಷಣಕ್ಕೆ ಅಣ್ಣನ ಮುಖ ನೋಡಬೇಕಿತ್ತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಹಾಗೆ ಅವನ ಇನ್ನೊಂದು ಕೈ ತಾನಾಗಿ ಹಿಂದಲೆಗೆ ಹೋಯಿತು.

“ಈಗ ಯಾಕೆ ಅದೆಲ್ಲ?”

“ಸುಮ್ನೆ ಕೇಳಿದೆ. ಕಪ್ಪಾ, ಕಂದಾ?”

“ಕಂದು... ಅಲ್ಲ, ಬಿಳಿ. ಮಚ್ಚೆ ಮಚ್ಚೆ.”

“ಮೂರೂ ಬಣ್ಣ ಹೇಳಿಬಿಟ್ರಲ್ಲ,” ಎಂದಳು ಅತ್ತಿಗೆ ಬಾಗಿಲಿಗೊರಗಿ. “ನೀವು ಸುಳ್ಳು ಹೇಳೋವಾಗ ಕಿವಿ ಕೆಂಪಾಗತ್ತೆ. ಮೂವತ್ತೈದು ವರ್ಷದಿಂದ ನೋಡ್ತಿದ್ದೀನಿ.”

ಸೂಜಿ ಅಕ್ಕ ಸೂಜಿಯ ಮುಚ್ಚಳ ತೆಗೆದಳು. ಇದು ಸ್ವಲ್ಪ ಅನ್ಯಾಯವೇ. ಆದರೆ ನಲವತ್ತೇಳು ವರ್ಷದ ವಿಚಾರಣೆ ಒಂದು ನಿಮಿಷದಲ್ಲಿ ಮುಗಿಯಬೇಕೆಂದರೆ ಬೇರೆ ಉಪಾಯವಿರಲಿಲ್ಲ.

“ಹೇಳ್ತೀನಿ ಮಾರಾಯ್ತಿ, ಅದನ್ನ ಆ ಕಡೆ ಇಡು!” ಅಣ್ಣ ಕಣ್ಣು ಮುಚ್ಚಿಕೊಂಡ. “ನಾಯಿ ಕಚ್ಚಲಿಲ್ಲ.”

ಸೂಜಿ ಅಕ್ಕ ಸೂಜಿಗೆ ಮತ್ತೆ ಮುಚ್ಚಳ ಹಾಕಿದಳು.

“ಅಪ್ಪನ ಸೈಕಲ್. ಮುಟ್ಟಿದ್ರೆ ಚರ್ಮ ಸುಲೀತೀನಿ ಅಂದಿದ್ರು. ಅವರು ಮಲಗಿದ್ದಾಗ ನಾನು ತಗೊಂಡು ಹೊರಟೆ. ನೀನು ನಾನೂ ಬರ್ತೀನಿ ಅಂತ ಅತ್ತೆ. ಹಿಂದೆ ಕೂರಿಸಿಕೊಂಡೆ. ಇಳಿಜಾರಿನಲ್ಲಿ ಬ್ರೇಕ್ ಹಿಡೀಲಿಲ್ಲ. ಬಿದ್ವಿ. ಮಡ್‌ಗಾರ್ಡ್ ತಗಡು ನಿನ್ನ ಕಾಲು ಸೀಳಿಬಿಡ್ತು. ರಕ್ತ ನೋಡಿ ನನಗೆ ಕೈಕಾಲೇ ಆಡಲಿಲ್ಲ. ಸೈಕಲ್ ತಂದು ಇದ್ದಲ್ಲಿ ಇಟ್ಟು, ಅಮ್ಮನ ಹತ್ತಿರ ನಾಯಿ ಕಚ್ತು ಅಂದೆ. ಅಷ್ಟಕ್ಕೇ ಮುಗಿಯತ್ತೆ ಅಂದುಕೊಂಡಿದ್ದೆ ಕಣೇ. ಹದಿಮೂರು ವರ್ಷ ನನಗೆ, ಇಂಜೆಕ್ಷನ್ ವಿಷಯ ಏನು ಗೊತ್ತು? ಯಾವ ನಾಯಿ ಅಂತ ಡಾಕ್ಟರು ಕೇಳಿದ್ರು. ಗೊತ್ತಿಲ್ಲ, ಓಡಿಹೋಯ್ತು ಅಂದೆ. ಗೊತ್ತಿಲ್ಲದ ನಾಯಿ ಆದ್ರೆ ಹದಿನಾಲ್ಕೂ ಕೊಡಲೇಬೇಕು ಅಂದುಬಿಟ್ರು.”

“ಹದಿನಾಲ್ಕು,” ಎಂದಳು ಸೂಜಿ ಅಕ್ಕ.

“ದಿನಾ ಅಪ್ಪ ನನ್ನೂ ಕರ್ಕೊಂಡು ಹೋಗ್ತಿದ್ರು. ತಂಗಿ ಜೊತೆಗಿರು, ಧೈರ್ಯ ಬರತ್ತೆ ಅಂತ. ನಾನು ಹೊರಗಿನ ಬೆಂಚಿನಲ್ಲಿ ಕೂತಿರ್ತಿದ್ದೆ. ನೀನು ಒಳಗೆ ಕೂಗ್ತಿದ್ದೆ. ನಾಲ್ಕನೇ ದಿನ ಹೇಳಿಬಿಡೋಣ ಅಂತ ಎದ್ದೆ. ಅಪ್ಪ ಹೆಗಲ ಮೇಲೆ ಕೈಯಿಟ್ಟು, ಒಳ್ಳೇ ಅಣ್ಣ ಕಣೋ ನೀನು ಅಂದ್ರು. ಆಮೇಲೆ ಹೇಗೆ ಹೇಳೋದು?”

ಸೂಜಿ ಕಂಡರೆ ಈ ಬೆಟ್ಟದಂಥ ಮನುಷ್ಯ ಯಾಕೆ ಬೆವರುತ್ತಾನೆ ಎಂಬುದು ಆಗ ಅತ್ತಿಗೆಗೂ ತಿಳಿಯಿತು, ತಂಗಿಗೂ ತಿಳಿಯಿತು.

“ಹಾಗಾದ್ರೆ ನಾಯಿಯೇ ಇರಲಿಲ್ವಾ?” ಎಂದಳು ಸೂಜಿ ಅಕ್ಕ ಕೊನೆಗೆ.

“ಇತ್ತು. ಅದೇ ಕಷ್ಟ. ನಾನು ಸೈಕಲ್ ಇಟ್ಟು ಅಮ್ಮನ್ನ ಕರ್ಕೊಂಡು ಬರೋ ತನಕ ಒಂದು ನಾಯಿ ನಿನ್ನ ಪಕ್ಕದಲ್ಲೇ ಕೂತಿತ್ತು. ಅದನ್ನ ನೋಡಿಯೇ ಅಮ್ಮ ನಂಬಿದ್ದು. ಕಲ್ಲು ಹೊಡೆದು ಓಡಿಸಿದ್ರು.”

ಸೂಜಿ ಅಕ್ಕನ ಕಣ್ಣು ತುಂಬಿ ಬಂತು. “ಕಾವಲು ಕೂತಿತ್ತಾ, ಪಾಪ?”

“ಕಾವಲೂ ಇಲ್ಲ ಗೀವಲೂ ಇಲ್ಲ. ನಿನ್ನ ಕೈಯಲ್ಲಿ ಬನ್ ಇತ್ತು. ಅದನ್ನ ತಿಂತಾ ಕೂತಿತ್ತು.”

ಮೊದಲು ನಕ್ಕವಳು ಅತ್ತಿಗೆ. ಆಮೇಲೆ ಸೂಜಿ ಅಕ್ಕ ಕಣ್ಣೊರೆಸಿಕೊಂಡು ನಕ್ಕಳು, ನಗುನಗುತ್ತಲೇ ಅಣ್ಣನ ತೋಳಿಗೆ ಸೂಜಿ ಇಳಿಸಿದಳು. ಅವನು “ಈಗ ಚುಚ್ಚಬೇಡ, ಎಣಿಸಿ ಚುಚ್ಚು” ಎನ್ನುವಷ್ಟರಲ್ಲಿ ಎರಡು ಟ್ಯೂಬು ತುಂಬಿ, ಹತ್ತಿ ಒತ್ತಿ, ಪಟ್ಟಿ ಅಂಟಿಸಿಯಾಗಿತ್ತು. ಸಕ್ಕರೆ ಇತ್ತು, ತುಸು ಹೆಚ್ಚೇ ಇತ್ತು. ಆದರೆ ಅದು ಬೇರೆ ಕತೆ.

ಹೊರಡುವಾಗ ಅಣ್ಣ ಗೇಟಿನ ತನಕ ಬಂದ. “ಏನು ಮಾಡಲಿ ಹೇಳು. ನೀನೂ ನನಗೆ ಹದಿನಾಲ್ಕು ಚುಚ್ಚಿಬಿಡು, ಸಮ ಆಗಲಿ,” ಎಂದ. ಹೇಳುವಾಗಲೇ ಮುಖ ಬಿಳಿಚಿತ್ತು.

“ಬೇಡ. ಹದಿನಾಲ್ಕು ದಿನ ಬೆಳಿಗ್ಗೆ ನನ್ನ ಜೊತೆ ಬಾ. ನಾಯಿ ಇರೋ ಮನೆಗಳಿಗೆ ಮುಂದೆ ನೀನು, ಹಿಂದೆ ನಾನು.”

ಹೀಗೆ ಆ ತಿಂಗಳು ಊರು ಒಂದು ವಿಚಿತ್ರ ಮೆರವಣಿಗೆ ನೋಡಿತು. ಆರಡಿಯ ಅಣ್ಣ ಸ್ಕೂಟರಿನ ಹಿಂದೆ ಮಂಡಿ ಮಡಚಿಕೊಂಡು ಕೂತು ಬರುವುದು, ಗೇಟಿನ ಮುಂದೆ ಇಳಿದು ಮೊದಲು ಒಳಗೆ ಹೋಗುವುದು, ನಾಯಿಗಳೆಲ್ಲ ಅವನನ್ನು ಹಳೇ ಗೆಳೆಯನೆಂಬಂತೆ ಮುತ್ತಿಕೊಳ್ಳುವುದು. ಅವನು ಅವುಗಳ ಕಿವಿ ಹಿಂಡಿಕೊಂಡು ಹಿತ್ತಿಲಿಗೆ ಕರೆದೊಯ್ದ ಮೇಲೆ ಅವಳು ಒಳಗೆ ನುಸುಳುವುದು. ಡಬ್ಬಿಯಿಂದ ಸೂಜಿ ಹೊರಗೆ ಬರುವ ಹೊತ್ತಿಗೆ ಅಣ್ಣ ಮನೆಯಿಂದ ಹೊರಗೆ, ನಾಯಿ ಹೊರಗಿರುವ ತನಕ ತಂಗಿ ಒಳಗೆ. “ನೀವಿಬ್ಬರೂ ಸೇರಿದ್ರೆ ಒಬ್ಬ ಧೈರ್ಯವಂತ ಮನುಷ್ಯ ಆಗತ್ತೆ,” ಎಂದ ಗಂಡ, ಭೂತಗನ್ನಡಿ ತೆಗೆಯದೆ.

ವಿಷಯ ತಿಳಿದ ಮೇಲೆ ಭಯ ಹೋಗಿಬಿಡುತ್ತದೆ ಎಂದು ಅವಳು ತಿಳಿದಿದ್ದಳು. ಹೋಗಲಿಲ್ಲ. ತಲೆಗೆ ಗೊತ್ತಾದದ್ದು ಮಂಡಿಗಳಿಗೂ ಗೊತ್ತಾಗಬೇಕಲ್ಲ. ನಾಯಿ ಬೊಗಳಿದರೆ ಈಗಲೂ ಹೊಟ್ಟೆಯಲ್ಲಿ ಹೊಕ್ಕುಳ ಸುತ್ತ ಏನೋ ಬಿಗಿಹಿಡಿದಂತಾಗುತ್ತಿತ್ತು. ಒಂದು ವ್ಯತ್ಯಾಸ ಮಾತ್ರ ಕಂಡಳು: ಮೊದಲೆಲ್ಲ ನಾಯಿಯ ಬಾಯನ್ನಷ್ಟೇ ನೋಡಿ ಓಡುತ್ತಿದ್ದವಳಿಗೆ ಈಗ ಅದರ ಉಳಿದ ಭಾಗಗಳೂ ಕಾಣತೊಡಗಿದ್ದವು. ಬೇಕರಿ ತಿರುವಿನ ನಾಯಿಗಳಲ್ಲಿ ಒಂದು ಕುಂಟುತ್ತಿತ್ತು. ಎಷ್ಟು ವರ್ಷದಿಂದ ಕುಂಟುತ್ತಿತ್ತೋ, ಅವಳು ನೋಡಿದ್ದು ಅಂದೇ ಮೊದಲು.

ಹೆಡ್‌ಮೇಡಮ್ಮಿಗೆ ಅಣ್ಣನ ತಪ್ಪೊಪ್ಪಿಗೆ ವರದಿಯಾಯಿತು. ಅವರು ಅಣ್ಣನನ್ನು ಮಂಚದ ಮುಂದೆ ನಿಲ್ಲಿಸಿಕೊಂಡು ಮೇಲಿನಿಂದ ಕೆಳಗೆ ನೋಡಿ, “ಇಷ್ಟು ಉದ್ದ ಬೆಳೆದಿದ್ದೀಯ, ಒಂದು ನಿಜ ಹೇಳೋಕೆ ನಲವತ್ತೇಳು ವರ್ಷ ಬೇಕಾಯ್ತಾ? ಹೋಗು, ಮಾನಿಟರನ್ನ ಒಳಗೆ ಕರ್ಕೊಂಡು ಹೋಗು,” ಎಂದರು. ಅರವತ್ತರ ಅಣ್ಣ “ಹೂಂ ಮೇಡಂ” ಎಂದು ತಲೆ ತಗ್ಗಿಸಿ ಹೋದ.

ಎರಡನೆಯ ಗುರುವಾರ, ಅಣ್ಣನ ಹನ್ನೊಂದನೆಯ ಬೆಳಿಗ್ಗೆ, ಅವರು ಹೋದಾಗ ಹೆಡ್‌ಮೇಡಮ್ಮಿನ ಧ್ವನಿ ಕಿಟಕಿಯಿಂದ ಬರಲಿಲ್ಲ. ಒಳಗೆ ನೋಡಿದರೆ ಮಾನಿಟರ್ ಗೋಣಿಯ ಮೇಲೆ ಪಕ್ಕಕ್ಕೆ ಒರಗಿ ಬಿದ್ದಿತ್ತು. ಎರಡು ದಿನದಿಂದ ತಿಂದದ್ದು ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ. ಪಕ್ಕದಲ್ಲಿ ಪಶುವೈದ್ಯ ಮಂಡಿಯೂರಿ ಕೂತಿದ್ದ. ಹೊಸದಾಗಿ ಕೆಲಸಕ್ಕೆ ಸೇರಿದ ಯುವಕ. ಮುಂಗಾಲಿನ ಕೂದಲು ಬೋಳಿಸಿ, ಗ್ಲೂಕೋಸ್ ಬಾಟಲಿಯನ್ನು ಕಿಟಕಿಯ ಕೊಂಡಿಗೆ ನೇತುಹಾಕಿ ನರ ಹುಡುಕುತ್ತಿದ್ದ. ಒಂದು ಸಲ ಚುಚ್ಚಿದ, ಸಿಗಲಿಲ್ಲ. ಮಾನಿಟರ್ ಕುಂಯ್ ಎಂದಿತು. ಇನ್ನೊಂದು ಸಲ ಚುಚ್ಚಿದ.

“ನೀರು ಪೂರಾ ಇಳಿದುಹೋಗಿದೆ ಮೇಡಂ. ನರ ಒಣಗಿಬಿಟ್ಟಿವೆ, ಕೈಗೆ ಸಿಗ್ತಿಲ್ಲ,” ಎಂದ ಹಣೆಯೊರೆಸಿಕೊಳ್ಳುತ್ತಾ.

ಹೆಡ್‌ಮೇಡಂ ಮಂಚದ ಅಂಚನ್ನು ಹಿಡಿದು ಕೂತಿದ್ದರು. ಅವರ ಬೆರಳುಗಳ ಗೆಣ್ಣು ಬೆಳ್ಳಗಾಗಿದ್ದವು. ಮಾನಿಟರ್ ತಲೆಯೆತ್ತಲಾರದೆ ಕಣ್ಣು ಮಾತ್ರ ಅವರ ಕಡೆ ತಿರುಗಿಸಿತ್ತು.

ಬಾಗಿಲ ಹೊರಗೆ ನಿಂತಿದ್ದ ಸೂಜಿ ಅಕ್ಕ ಮೂರನೇ ಚುಚ್ಚಿಗೆ ಸಿದ್ಧವಾಗುತ್ತಿದ್ದ ಆ ಕೈಯನ್ನು ನೋಡಿದಳು. ಸೂಜಿ ಹಿಡಿದ ಕೋನವೇ ತಪ್ಪು. ಕೆಟ್ಟ ಚುಚ್ಚನ್ನು ನೋಡಿಕೊಂಡು ಸುಮ್ಮನಿರುವುದು ಅವಳ ಜಾಯಮಾನದಲ್ಲೇ ಇರಲಿಲ್ಲ.

“ನಿಲ್ಲಿಸಿ!” ಎಂದಳು. “ಅಷ್ಟು ಮೇಲಿಂದಲ್ಲ. ಸರೀರಿ ಆ ಕಡೆ. ಅಣ್ಣ, ತಲೆ ಹಿಡ್ಕೋ.”

“ನಾನಾ? ಅಲ್ಲಿ ಸೂಜಿ ಇದೆ...”

“ಕಣ್ಣು ಮುಚ್ಚಿಕೊಂಡು ಹಿಡ್ಕೋ!”

ಅಣ್ಣ ಕಣ್ಣು ಮುಚ್ಚಿಕೊಂಡು ಮಾನಿಟರಿನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡ. ಸೂಜಿ ಅಕ್ಕ ನೆಲದಲ್ಲಿ ಕೂತು ಆ ಬೋಳಿಸಿದ ಕಾಲನ್ನು ಕೈಗೆತ್ತಿಕೊಂಡಳು. ಬಿಸಿಯಿತ್ತು, ನಡುಗುತ್ತಿತ್ತು. ಬಿಸಿನೀರಲ್ಲಿ ಅದ್ದಿದ ಬಟ್ಟೆ ಸುತ್ತಿ ಸ್ವಲ್ಪ ಹೊತ್ತು ಹಿಡಿದಳು. ಮುದುಕರ ಕೈಗೆ ಅವಳು ಮಾಡುತ್ತಿದ್ದುದೂ ಅದನ್ನೇ. ಪಶುವೈದ್ಯ ತೋರಿಸಿದ ಕಡೆ ಅವನಿಂದಲೇ ಒತ್ತಿ ಹಿಡಿಸಿದಳು. ಎರಡು ಬೆರಳಿಟ್ಟು, ಎಲ್ಲೋ ನೋಡುತ್ತಾ, ದಾರದೆಳೆಯಷ್ಟು ತೆಳ್ಳಗಿದ್ದ ನರವನ್ನು ಹುಡುಕಿದಳು.

“ಮೇಡಂ, ಇವನು ನಿಮ್ಮ ಮನೆಗೆ ಬಂದಾಗ ಎಷ್ಟು ದೊಡ್ಡವನಿದ್ದ?”

“ಅಂಗೈಯಷ್ಟು,” ಎಂದರು ಹೆಡ್‌ಮೇಡಂ ಕಷ್ಟದಿಂದ. “ಸ್ಕೂಲಿನ ಚರಂಡಿಯಲ್ಲಿ...”

ಆ ಮಾತು ಮುಗಿಯುವ ಮೊದಲೇ ಗ್ಲೂಕೋಸು ತೊಟ್ಟಿಕ್ಕತೊಡಗಿತ್ತು.

ಪ್ಲಾಸ್ಟರು ಅಂಟಿಸಿ, ಕಾಲನ್ನು ಮೆಲ್ಲಗೆ ಗೋಣಿಯ ಮೇಲಿಟ್ಟ ಮೇಲೆ ಅವಳು ತಲೆಯೆತ್ತಿ ನೋಡಿದಳು. ಮಾನಿಟರಿನ ಮೂತಿ ಒಂದು ಗೇಣು ದೂರದಲ್ಲಿತ್ತು. ಬಾಯಿ ತುಸು ತೆರೆದಿತ್ತು. ಹಲ್ಲುಗಳು ಕಾಣುತ್ತಿದ್ದವು. ತಾನು ಎಲ್ಲಿ ಕೂತಿದ್ದೇನೆ ಎಂಬುದು ಅವಳಿಗೆ ಹೊಳೆದದ್ದೇ ಆಗ. ಬಾಯಿಂದ ಒಂದು ಸಣ್ಣ ಸದ್ದು ಹೊರಟಿತು. ಮುಂದಿನ ಕ್ಷಣ ಅವಳು ಗೇಟಿನ ಹೊರಗೆ ಸ್ಕೂಟರ್ ಹಿಡಿದುಕೊಂಡು ಏದುಸಿರು ಬಿಡುತ್ತಿದ್ದಳು. ಚಪ್ಪಲಿ ಒಳಗೇ ಉಳಿದಿತ್ತು. ಒಳಗೆ ಅಣ್ಣ ಇನ್ನೂ ಕಣ್ಣು ಮುಚ್ಚಿಕೊಂಡೇ, “ಆಯ್ತಾ? ತೆಗೀಲಾ? ಯಾರಾದ್ರೂ ಹೇಳ್ರಪ್ಪಾ,” ಎನ್ನುತ್ತಿದ್ದ.

ಆ ದಿನ ಹೆಡ್‌ಮೇಡಮ್ಮಿನ ರಕ್ತ ತೆಗೆಯುವುದನ್ನು ಇಬ್ಬರೂ ಮರೆತಿದ್ದರು. ಮಧ್ಯಾಹ್ನ ಲ್ಯಾಬಿನ ಡಾಕ್ಟರು ಫೋನ್ ಮಾಡಿ ಕೇಳಿದ ಮೇಲೆ ಅವಳು ಮತ್ತೆ ಹೋಗಬೇಕಾಯಿತು.

ಮಾನಿಟರ್ ಒಂದು ವಾರದಲ್ಲಿ ಎದ್ದು ಓಡಾಡಿತು. ಅಣ್ಣನ ಹದಿನಾಲ್ಕು ಬೆಳಗುಗಳೂ ಮುಗಿದವು. ಅವನು ಇನ್ನೂ ಬರುತ್ತೇನೆಂದ, ಅವಳು ಬೇಡವೆಂದಳು. ಎಲ್ಲ ನಾಯಿಗಳ ಮೇಲಿನ ಭಯ ಹೋಯಿತೆಂದಲ್ಲ. ಬ್ಯಾಂಕಿನ ಹಿಂದಿನ ರಸ್ತೆಯಲ್ಲಿ ಅವಳು ಈಗಲೂ ಉಸಿರು ಬಿಗಿಹಿಡಿದೇ ಸಾಗುತ್ತಾಳೆ. ಆದರೆ ಹೆಡ್‌ಮೇಡಮ್ಮಿನ ಮನೆಯಲ್ಲಿ ಅಡುಗೆಮನೆ ಬಾಗಿಲಿಗೆ ಕುರ್ಚಿ ಒರಗಿಸುವ ಅಗತ್ಯ ಉಳಿಯಲಿಲ್ಲ. ಗುರುವಾರ ಅವಳ ಸ್ಕೂಟರಿನ ಸದ್ದು ಕೇಳಿದರೆ ಸಾಕು, ಕರುವಿನಷ್ಟು ಎತ್ತರದ ಮಾನಿಟರ್ ಹೊಟ್ಟೆ ಎಳೆದುಕೊಂಡು ಮಂಚದ ಕೆಳಗೆ ತೂರಿಕೊಳ್ಳುತ್ತಿತ್ತು. ಬಾಲ ಮಾತ್ರ ಹೊರಗೆ.

ಇದು ಸೂಜಿ ಅಕ್ಕನಿಗೆ ಬಹಳ ಮನಸ್ಸಿಗೆ ನಾಟಿತು.

“ಜೀವ ಉಳಿಸಿದ್ದು ನಾನು. ನನ್ನನ್ನ ಕಂಡ್ರೆ ಹೀಗೆ ಮಾಡತ್ತಲ್ಲ,” ಎಂದು ಗಂಡನ ಹತ್ತಿರ ದೂರಿದಳು.

“ಅದಕ್ಕೆ ಅದು ಹೇಗೆ ಗೊತ್ತಾಗಬೇಕು? ಆ ಬೆಳಿಗ್ಗೆ ಚುಚ್ಚಿದವರಲ್ಲಿ ಆಮೇಲೂ ಬಂದು ಮುಖ ತೋರಿಸ್ತಿರೋಳು ನೀನೊಬ್ಬಳೇ,” ಎಂದ ಗಂಡ.

ಅವಳು ಬಿಸ್ಕೆಟ್ ಪೊಟ್ಟಣ ಕೊಂಡಳು. ಒಂದು ಗುರುವಾರ ಮಂಚದಿಂದ ನಾಲ್ಕು ಮಾರು ದೂರದಲ್ಲಿ ಬಿಸ್ಕೆಟ್ ಇಟ್ಟು ಬಂದಳು. ಮುಂದಿನ ವಾರ ಎರಡು ಮಾರು. ಹೆಡ್‌ಮೇಡಂ ದಿಂಬಿಗೊರಗಿ ಪುಸ್ತಕ ಓದುವಂತೆ ನಟಿಸುತ್ತಾ ಪುಟದ ಮೇಲಿನಿಂದ ನೋಡುತ್ತಿದ್ದರು. ಐದನೆಯ ವಾರ ಅವಳು ನೆಲದಲ್ಲಿ ಕೂತು, ಮುಖವನ್ನು ಗೋಡೆಯ ಕಡೆ ತಿರುಗಿಸಿ, ಕಣ್ಣು ಗಟ್ಟಿಯಾಗಿ ಮುಚ್ಚಿ, ಬಿಸ್ಕೆಟ್ ಹಿಡಿದ ಕೈಯನ್ನಷ್ಟೇ ಮಂಚದ ಕೆಳಗೆ ಚಾಚಿದಳು. ಕೈ ನಡುಗುತ್ತಿತ್ತು, ಇಪ್ಪತ್ತೇಳು ವರ್ಷದಲ್ಲಿ ಮೊದಲ ಸಲ.

ಮನೆಗೆ ಬಂದವಳೇ ಅತ್ತಿಗೆಗೆ ಫೋನ್ ಮಾಡಿದಳು.

“ತಗೊಳ್ತು ಅತ್ತಿಗೆ! ಮೆಲ್ಲಗೆ, ತುಟಿಯಲ್ಲಿ ಎತ್ತಿಕೊಂಡ ಹಾಗೆ. ಆಮೇಲೆ ಕೈ ನೆಕ್ಕಿತು. ನಾಲಿಗೆ ಬೆಚ್ಚಗಿತ್ತು, ಸ್ವಲ್ಪ ಒರಟು.”

“ನೀನೇನು ಮಾಡಿದೆ?”

“ಸುಮ್ನೆ ಕೂತಿದ್ದೆ,” ಎಂದಳು ಸೂಜಿ ಅಕ್ಕ. “ಆಮೇಲೆ ಎದ್ದು ಹೋಗಿ ಮೂರು ಸಲ ಸೋಪು ಹಾಕಿ ಕೈ ತೊಳ್ಕೊಂಡೆ.”